ತುದಿಹೊಲದ ಮಣ್ಣು

ಫೆಬ್ರವರಿ ೧೮

ಮಣ್ಣುಬಾಕ ತಮ್ಮನಿಗೆ,

ಅಕ್ಕ ಬರೆಯುತ್ತಿದ್ದಾಳೆ. ನಾವಿಬ್ಬರೂ ಇಲ್ಲಿ ಚೆನ್ನಾಗಿದ್ದೇವೆ. ಅಂದರೆ, ನನ್ನ ಮಂಡಿ ನನ್ನ ಮಾತು ಕೇಳುತ್ತಿಲ್ಲ, ನಿನ್ನ ಭಾವ ಯಾರ ಮಾತೂ ಕೇಳುತ್ತಿಲ್ಲ, ಅಷ್ಟು ಬಿಟ್ಟರೆ ಚೆನ್ನಾಗಿದ್ದೇವೆ. ನೀನು, ನಿನ್ನ ಹೆಂಡತಿ, ಮಗಳು ಸುಖವಾಗಿದ್ದೀರೆಂದು ತಿಳಿದುಕೊಂಡಿದ್ದೇನೆ. ನೀನು ನವೆಂಬರಿನಲ್ಲಿ ಬರೆದ ಪತ್ರಕ್ಕೆ ಈಗ ಉತ್ತರ. ತಡವಾಯಿತು, ಬೇಸರ ಮಾಡಿಕೊಳ್ಳಬೇಡ ಎಂದು ಬರೆಯಬೇಕಲ್ಲ, ಬರೆದಿದ್ದೇನೆ. ನಿಜ ಹೇಳಬೇಕೆಂದರೆ ಮೂರು ಸಲ ಬರೆದು ಮೂರು ಸಲವೂ ಒಲೆಗೆ ಹಾಕಿದೆ. ಮೊದಲನೆಯದರಲ್ಲಿ ಬರೀ ಬೈಗುಳವಿತ್ತು. ಎರಡನೆಯದರಲ್ಲಿ ಬೈಗುಳ ಸಾಲದೆನಿಸಿತು. ಮೂರನೆಯದನ್ನು ನಿನ್ನ ಭಾವ ಓದಿ, "ಇದನ್ನ ಕಳಿಸಿದ್ರೆ ಅವನು ಇನ್ನು ಈ ಕಡೆ ತಲೆ ಹಾಕಿನೂ ಮಲಗಲ್ಲ" ಅಂದರು. ಇದನ್ನು ಅವರಿಗೆ ತೋರಿಸುವುದಿಲ್ಲ.

ನಿನ್ನ ವರದಿ ಓದಿದೆ. ನೀನು ಕಳಿಸಿದ್ದಲ್ಲ, ನೀನ್ಯಾಕೆ ಕಳಿಸುತ್ತೀಯ! ಅಭಿವೃದ್ಧಿ ಕಚೇರಿಯ ಇಂಜಿನಿಯರ್ ಹೊಸ ಬೂಟು ಹಾಕಿಕೊಂಡು ಬಾಗಿಲಿಗೇ ತಂದುಕೊಟ್ಟ. "ನಿಮ್ಮ ತಮ್ಮ ಅವರೇ ಬರೆದಿದ್ದು ಅಮ್ಮ. ಇಡೀ ಬೆಟ್ಟದ ಚರಿತ್ರೆ ಇದೆ ಇದ್ರಲ್ಲಿ" ಅಂದ. ನಾನೂ ಹಿಗ್ಗಿ, ಕೈ ಒರೆಸಿಕೊಂಡು ತೆಗೆದುಕೊಂಡೆ. ಅದರೊಳಗೆ ಒಂದು ಕಾಗದ ಮಡಚಿಟ್ಟಿತ್ತು. ನಮ್ಮ ಇಳಿಜಾರಿನ ಹದಿನಾಲ್ಕು ಮೆಟ್ಟಿಲು ಹೊಲಗಳ ಗೋಡೆ ಕೆಡವಿ, ನಾಲ್ಕು ಅಗಲ ಹೊಲ ಮಾಡಿ, ಟ್ರ್ಯಾಕ್ಟರ್ ಓಡಾಡುವ ಹಾಗೆ ಹದ ಮಾಡಿ, ಅಕ್ರೋಟಿನ ಗಿಡ ಹಾಕುತ್ತಾರಂತೆ. ಮಾರ್ಚ್ ಹನ್ನೆರಡಕ್ಕೆ ಬುಲ್ಡೋಜರ್ ಬರುತ್ತದಂತೆ. ಯಾವ ಆಧಾರದ ಮೇಲೆ? ತಮ್ಮನವರು ಬರೆದ ವರದಿಯ ಆಧಾರದ ಮೇಲೆ. ನನ್ನ ತಲೆಯ ಮೇಲೆ ಚಪ್ಪಡಿ ಎಳೆಯಲು ಬೇರೆ ಯಾರೂ ಸಿಗಲಿಲ್ಲ ನೋಡು, ನೀನೇ ಆಗಬೇಕಾಯಿತು.

ಕನ್ನಡಕ ಹಾಕಿಕೊಂಡು ಪೂರ್ತಿ ಓದಿದೆ, ಅರ್ಥವಾಗದ್ದನ್ನು ಎರಡೆರಡು ಸಲ. ಈ ಬೆಟ್ಟ ಬಹಳ ಹಳೆಯದು ಎಂದು ಬರೆದಿದ್ದೀಯ. ಬೆಟ್ಟದ ಕೆಳಗಿನ ಸರೋವರದ ತಳದ ಹೂಳನ್ನು ಕೊಳವೆ ಹಾಕಿ ಮೇಲೆತ್ತಿ ನೋಡಿದ್ದೀಯ. ಎರಡು ಸಾವಿರ ವರ್ಷದ ಹಿಂದೆ ಮೊದಲು ಬೇಸಾಯ ಮಾಡಿದವರು ಕಾಡು ಕಡಿದಾಗಲೇ ಮಣ್ಣಿನ ಬಹುಪಾಲು ಕೊಚ್ಚಿಹೋಯಿತಂತೆ, ಬೆಟ್ಟ ಕಳೆದುಕೊಳ್ಳುವುದನ್ನೆಲ್ಲ ಆಗಲೇ ಕಳೆದುಕೊಂಡಿದೆಯಂತೆ, ಉಳಿದದ್ದು ತಾನಾಗಿ ನಿಂತಿದೆಯಂತೆ. ಗೋಡೆಗಳು ನೋಡಲು ಚೆಂದ, ಮಣ್ಣು ಹಿಡಿಯುವುದರಲ್ಲಿ ಅವುಗಳ ಪಾತ್ರ ಅಲ್ಪ. ಅಲ್ಪ! ಕಾಡು ಕಡಿದವರು ನಮ್ಮವರೇ ಇರಬಹುದು, ಇಲ್ಲ ಅನ್ನುವುದಿಲ್ಲ. ಮಣ್ಣು ಹೋಗುವುದನ್ನು ಕಂಡು ಎದೆ ಒಡೆದುಕೊಂಡು ಗೋಡೆ ಕಟ್ಟಿದವರೂ ಅವರೇ ತಾನೆ? ನಿನ್ನ ವರದಿಯಲ್ಲಿ ಕಡಿದದ್ದಕ್ಕೆ ಹನ್ನೆರಡು ಪುಟ ಇದೆ, ಕಟ್ಟಿದ್ದಕ್ಕೆ ಒಂದೂವರೆ.

ಈ ಅಲ್ಪ ಗೋಡೆಗಳನ್ನು ನಾನು ಮೂವತ್ತೈದು ವರ್ಷದಿಂದ ರಿಪೇರಿ ಮಾಡುತ್ತಿದ್ದೇನೆ. ಪ್ರತಿ ಮಳೆಗಾಲ ಮುಗಿದ ಮೇಲೆ ಎಲ್ಲಿ ಹೊಟ್ಟೆ ಬಿಟ್ಟಿದೆ, ಎಲ್ಲಿ ಸಂದುಕಲ್ಲು ಉದುರಿದೆ ಎಂದು ಕೈಯಲ್ಲಿ ಸವರಿ ನೋಡುತ್ತೇನೆ. ದೊಡ್ಡ ಕಲ್ಲು ಎದುರಿಗೆ, ಸಣ್ಣದು ಹಿಂದಕ್ಕೆ, ಗಾರೆ ಇಲ್ಲ, ಸಿಮೆಂಟ್ ಇಲ್ಲ. ಗೋಡೆ ನೀರನ್ನು ತಡೆಯುವುದಿಲ್ಲ ಕಣೋ, ಸೋಸುತ್ತದೆ. ನೀರು ಹೋಗುತ್ತದೆ, ಮಣ್ಣು ಕೂರುತ್ತದೆ. ಇಷ್ಟು ಹೇಳಲು ನನಗೆ ಸರೋವರಕ್ಕೆ ಕೊಳವೆ ಹಾಕಬೇಕಾಗಿಲ್ಲ.

ಇನ್ನು ನಲವತ್ತೊಂದನೆಯ ಪುಟ. ಅದನ್ನು ಓದಿದಾಗ ನನ್ನ ಮೈ ಉರಿದುಹೋಯಿತು. ನೀನು ಬರೆದದ್ದನ್ನೇ ಬರೆಯುತ್ತೇನೆ: "ಕೆಳಗೆ ಜಾರಿದ ಮಣ್ಣನ್ನು ಬುಟ್ಟಿಯಲ್ಲಿ ಹೊತ್ತು ಮೇಲಿನ ಹೊಲಗಳಿಗೆ ಹಾಕುವ ರೂಢಿ ಈ ಊರಿನಲ್ಲಿ ಹಿಂದೆ ಇತ್ತು. ಆದರೆ ತುತ್ತತುದಿಯ ಹೊಲಕ್ಕೆ ಎಂದೂ ಮಣ್ಣು ಹೊತ್ತಿಲ್ಲ, ಪೊದೆ ಕಡಿದಾಗ ಕೆಳಗೆ ಇದ್ದ ಮೂಲ ಮಣ್ಣೇ ಅದು ಎಂದು ಸ್ಥಳೀಯರೊಬ್ಬರು ತಿಳಿಸಿದರು." ಯಾರೋ ಈ ಸ್ಥಳೀಯರೊಬ್ಬರು? ನಿನ್ನ ಮೂಗು ಒರೆಸಿದವಳು. ನಿನ್ನನ್ನು ಸೊಂಟದ ಮೇಲೆ ಕೂರಿಸಿಕೊಂಡು ಇದೇ ಮೆಟ್ಟಿಲು ಹತ್ತಿದವಳು. ಇಂಜಿನಿಯರಿಗೂ ನಾನು ನಿನ್ನ ಅಕ್ಕ, ನಿನಗೆ ಮಾತ್ರ "ಸ್ಥಳೀಯರೊಬ್ಬರು"! ಅಕ್ಕ ಎಂದು ಬರೆದರೆ ನಿನ್ನ ಶಾಸ್ತ್ರಕ್ಕೆ ಮೈಲಿಗೆಯಾಗುತ್ತಿತ್ತೇನೋ.

ನೀನು ತುದಿಹೊಲದಲ್ಲಿ ಗುಂಡಿ ತೋಡಿಸಿದ ದಿನ ನನಗೆ ಚೆನ್ನಾಗಿ ನೆನಪಿದೆ, ಎರಡು ವರ್ಷವಾಯಿತು. ಎದೆಮಟ್ಟ ತೋಡಿಸಿ, ಗುಂಡಿಯ ಪಕ್ಕಕ್ಕೆ ಟೇಪು ಇಳಿಬಿಟ್ಟು, ನಿನ್ನ ಶಿಷ್ಯರಿಗೆ ತೋರಿಸಿದೆ. "ನೋಡಿ, ನಾಲ್ಕು ಅಡಿ ಒಂದೇ ಸಮನಾದ ಕಪ್ಪು ಮಣ್ಣು. ಪದರ ಇಲ್ಲ, ಜಲ್ಲಿ ಇಲ್ಲ. ಸಾವಿರಾರು ವರ್ಷದಿಂದ ಯಾರೂ ಮುಟ್ಟದ ಮಣ್ಣು ಇದು" ಅಂದೆ. ಯಾರೂ ಮುಟ್ಟದ್ದು, ಅಂದೆ. ಆಗ ಆ ಕನ್ನಡಕದ ಹುಡುಗಿ ಮೂರಡಿ ಕೆಳಗಿನಿಂದ ಉಗುರಿನಷ್ಟು ಪಿಂಗಾಣಿ ಚೂರು ಕಿತ್ತು, ಬಟ್ಟೆಗೆ ಒರೆಸಿ, "ಸರ್, ಇದು ಇಲ್ಲಿ ಹೇಗೆ ಬಂತು?" ಎಂದು ಕೇಳಿದಳು. ನೀನು ನನ್ನ ಮುಖ ನೋಡಿದೆ. ನಾನೇನು ಹೇಳಿದೆ ಎನ್ನುವುದು ಬಿಡು. ನೀನು ಅದನ್ನು ನೋಡದೆ ಹಿಂದಕ್ಕೆ ಎಸೆದೆಯಲ್ಲ, ಅದು ಮಾತು. ಆ ಹುಡುಗಿಯ ಕಣ್ಣು ನಿನ್ನ ಕಣ್ಣಿಗಿಂತ ಚುರುಕು, ಆಕೆ ಕೇಳಿಯಾದರೂ ಕೇಳಿದಳು.

ನಿನ್ನ ಬುದ್ಧಿ ನನಗೆ ಹೊಸದಲ್ಲ. ಆರು ವರ್ಷದವನಿದ್ದಾಗ ಅಮ್ಮನ ನೀಲಿ ಹೂವಿನ ತಟ್ಟೆ ಒಡೆದು, ಚೂರನ್ನೆಲ್ಲ ತಳದ ಹೊಲದಲ್ಲಿ ಹೂತು, ಬೆಕ್ಕು ಒಡೆಯಿತು ಎಂದವನು ನೀನು. ಈಗಲೂ ಅದೇ. ಮಣ್ಣು ಹೋದದ್ದಕ್ಕೆ ಕಾರಣ ಎರಡು ಸಾವಿರ ವರ್ಷದ ಹಿಂದಿನವರು. ಪಾಪ, ಅವರು ಬಂದು ಜಗಳವಾಡುವುದಿಲ್ಲ.

ನಾನು ಕೇಳುವುದು ಒಂದೇ. ಮಾರ್ಚ್ ಹನ್ನೆರಡರೊಳಗೆ ಕಚೇರಿಗೆ ಒಂದು ಸಾಲು ಬರಿ. ವರದಿಯನ್ನು ಮತ್ತೆ ನೋಡಬೇಕಾಗಿದೆ, ಅಲ್ಲಿಯವರೆಗೆ ಗೋಡೆ ಮುಟ್ಟಬೇಡಿ ಎಂದು ಬರಿ. ನೀನು ಬರೆದರೆ ನಿಲ್ಲುತ್ತದೆ. ಗೋಡೆ ಹೋದರೆ ಮಣ್ಣು ಹೋಗುತ್ತದೆ, ಮಣ್ಣು ಹೋದರೆ ನಾನು ಇಲ್ಲಿ ಏನು ಮಾಡಲಿ, ಬಂಡೆಯ ಮೇಲೆ ಬಟ್ಟೆ ಒಣಗಿಸಲಾ?

ನಿನ್ನ ಹೆಂಡತಿಯ ಬೆನ್ನುನೋವು ಹೇಗಿದೆ? ಮಗಳಿಗೆ ನನ್ನ ಮುದ್ದು. ನಿನಗೆ ಆಶೀರ್ವಾದ, ಉಳಿದದ್ದು ಕೆಲಸ ನೋಡಿಕೊಂಡು.

ಇಂತಿ,
ಸ್ಥಳೀಯರೊಬ್ಬರು

ತಾ. ಕ. ನಿನ್ನ ಭಾವ ಕೊನೆಗೂ ಓದಿಬಿಟ್ಟರು. "ಸಹಿ ಬದಲಾಯಿಸೇ" ಅಂದರು. ಬದಲಾಯಿಸುವುದಿಲ್ಲ.

*

ಮಾರ್ಚ್ ೬

ತಮ್ಮನಿಗೆ,

ನಿನ್ನ ಉತ್ತರ ಬಂತು. ಈ ಸಲ ತಡಮಾಡದೆ ಬರೆಯುತ್ತಿದ್ದೇನೆ, ತಡಮಾಡಲು ನೀನು ಏನಾದರೂ ಬರೆದಿದ್ದರೆ ತಾನೆ? ಟೈಪು ಮಾಡಿದ ನಾಲ್ಕು ಸಾಲು. ಅಕ್ಕನಿಗೆ ಟೈಪು ಮಾಡಿ ಕಳಿಸಿದ್ದೀಯ, ನೀರಿನ ಕನೆಕ್ಷನ್ ಕಟ್ಟುಮಾಡುವವರು ಕಳಿಸುವ ಹಾಗೆ. "ಭಾವನೆಗೆ ತಕ್ಕಂತೆ ಅಂಕಿಗಳನ್ನು ಬದಲಾಯಿಸಲಾಗದು ಅಕ್ಕ. ವರದಿಯಲ್ಲಿ ತಪ್ಪಿದೆ ಎನ್ನುವುದಕ್ಕೆ ಒಂದು ಆಧಾರ ಕೊಡು, ನಾನೇ ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ನಿನಗೆ ಗೊತ್ತಿರುವುದು ನನಗೆ ಗೊತ್ತಿಲ್ಲದ್ದು ಏನಾದರೂ ಇದ್ದರೆ ಬರಿ." ಆಹಾ! ನನಗೆ ಗೊತ್ತಿರುವುದು ನಿನಗೆ ಗೊತ್ತಿಲ್ಲದ್ದು ಒಂದೇ ಎರಡೇ? ಬರೆಯಲು ಕೂತರೆ ನಿನ್ನ ಸಂಸ್ಥೆಯ ಕಾಗದ ಸಾಲುವುದಿಲ್ಲ.

ಮೊನ್ನೆ ಶಾಲೆಯಲ್ಲಿ ಸಭೆ ಇತ್ತು. ಮಕ್ಕಳ ಬೆಂಚಿನಲ್ಲಿ ಮಂಡಿ ಎದೆಗೆ ತಾಗಿಸಿಕೊಂಡು ಕೂತೆವು. ಇಂಜಿನಿಯರ್ ಗೋಡೆಯ ಮೇಲೆ ಚಿತ್ರ ಬಿಟ್ಟ. ನಿನ್ನ ಗುಂಡಿ, ನಿನ್ನ ಟೇಪು, ಗುಂಡಿಯ ಅಂಚಿನಲ್ಲಿ ನನ್ನ ಚಪ್ಪಲಿ. ನಾನು ಎದ್ದು ನಿಂತು, "ಆ ಗೋಡೆ ಕೆಡವಿದ್ರೆ ಎರಡು ಮಳೆ ತಡಿಯಲ್ಲ ಆ ಮಣ್ಣು" ಅಂದೆ. ಅವನು ನಕ್ಕ. "ಅಮ್ಮ, ತಮ್ಮ ಒಪ್ಪಿರೋದನ್ನ ಅಕ್ಕ ಒಪ್ಪಲ್ಲ ಅಂದ್ರೆ ಹೇಗೆ? ನೀವು ಮನೇಲಿ ಮಾತಾಡಿಕೊಂಡು ಬನ್ನಿ" ಅಂದ. ಇಡೀ ಸಭೆ ಗೊಳ್ಳೆಂದು ನಕ್ಕಿತು. ಅವರನ್ನು ಏನಂತ ಬೈಯಲಿ? ಅರ್ಧ ಜನ ಅಕ್ರೋಟಿನ ಕನಸಿನಲ್ಲಿದ್ದಾರೆ, ಇನ್ನರ್ಧ ಜನಕ್ಕೆ ಮೆಟ್ಟಿಲು ಹತ್ತಲು ಕಾಲಿಲ್ಲ. ನಗಿಸಿದವನು ನೀನು. ಅಲ್ಲಿ ಇಲ್ಲದೆಯೂ ನಗಿಸಿದೆ.

ತಳದ ಹೊಲದ ಪಕ್ಕದ ಮನೆಯ ಗಡ್ಡದಜ್ಜ ಏನೋ ಹೇಳಲು ಎದ್ದರು. ಎಂಬತ್ತೆರಡು ವರ್ಷ, ಆದರೂ ದನಿ ಗಟ್ಟಿ. "ಆ ತುದಿಹೊಲದ ವಿಷಯ ನಂಗೊತ್ತು, ನಾನ್ ಹೇಳ್ತೀನಿ" ಎಂದು ಶುರುಮಾಡಿದರು. ನಾನು ಅವರ ಕೋಟು ಹಿಡಿದು ಎಳೆದು ಕೂರಿಸಿದೆ. ದಾರಿಯಲ್ಲಿ ಬರುವಾಗ, "ಇನ್ನೆಷ್ಟು ದಿನಾಮ್ಮ? ಹೇಳ್ಬಾರ್ದಾ?" ಅಂದರು. "ನಿಮ್ಮ ಕೋಳಿ ನೀವು ನೋಡ್ಕೊಳ್ಳಿ ಅಜ್ಜ" ಅಂದೆ. ಮುದುಕರು ಹಳೆಯದನ್ನೆಲ್ಲ ಕೆದಕುತ್ತಾರೆ. ನೀನು ಅದಕ್ಕೆ ತಲೆ ಕೆಡಿಸಿಕೊಳ್ಳಬೇಡ.

ಆಧಾರ ಕೇಳುತ್ತೀಯಲ್ಲ, ನಿನಗೆ ನಾಚಿಕೆಯಾಗುವುದಿಲ್ಲವೇ? ಅಕ್ಕನ ಮಾತು ಆಧಾರವಲ್ಲವೇ? ಗುಂಡಿಯ ಹತ್ತಿರ ನಾನು ಹೇಳಿದ ಒಂದು ಮಾತನ್ನು ಆಧಾರ ಎಂದು ಪುಸ್ತಕಕ್ಕೆ ಸೇರಿಸಿದೆ. ಈಗ ನಾನು ಹೇಳುವ ನೂರು ಮಾತು ಭಾವನೆಯಂತೆ. ನಿನಗೆ ಬೇಕಾದಾಗ ನಾನು ಸಾಕ್ಷಿ, ಬೇಡವಾದಾಗ ಗೊಣಗುವ ಮುದುಕಿ. ಚೆನ್ನಾಗಿದೆ.

ನಿನ್ನ ಭಾವನಿಗೆ ನಿನ್ನ ಪತ್ರ ಓದಿ ಹೇಳಿದೆ, ನನ್ನ ಉತ್ತರವನ್ನೂ ಓದಿ ಹೇಳಿದೆ. "ಇಬ್ರೂ ಒಂದೇ ತಾಯಿ ಮಕ್ಳು, ಅನುಮಾನಾನೇ ಇಲ್ಲ" ಎಂದು ಹೇಳಿ ಮಗ್ಗುಲು ಬದಲಿಸಿದರು.

ಇನ್ನು ಆರು ದಿನವಿದೆ. ಒಂದು ಸಾಲು ಸಾಕು. ಬರೆಯದಿದ್ದರೆ ಈ ಮನೆಯ ಹೊಸ್ತಿಲು ತುಳಿಯಬೇಡ.

ಎಲ್ಲರಿಗೂ ಒಳ್ಳೆಯದಾಗಲಿ.

ಅಕ್ಕ

*

ಏಪ್ರಿಲ್ ೨೧

ತಮ್ಮನಿಗೆ,

ನಿನ್ನ ಎರಡು ಪತ್ರ ಬಂದಿವೆ. ಉತ್ತರಿಸಲಿಲ್ಲ. ಸಿಟ್ಟಿಗೆ ಅಲ್ಲ, ಬರೆಯಲು ಕೈ ಬರಲಿಲ್ಲ. ಎರಡನೆಯದನ್ನು ಕೈಯಾರೆ ಬರೆದಿದ್ದೀಯ. ಅಕ್ಷರ ಇನ್ನೂ ಹಾಗೇ ಇದೆ, ಕೋಳಿ ಕೆರೆದ ಹಾಗೆ. ಆಧಾರವಿಲ್ಲದೆ ವರದಿ ಹಿಂದಕ್ಕೆ ತೆಗೆದುಕೊಂಡರೆ ನಿನ್ನ ಮಾತಿಗೆ ಮುಂದೆ ಯಾರೂ ಬೆಲೆ ಕೊಡುವುದಿಲ್ಲ ಎಂದು ಬರೆದಿದ್ದೀಯ. ಇರಬಹುದು. ಇಲ್ಲಿ ಏನಾಯಿತು ಎನ್ನುವುದನ್ನು ಕೇಳು.

ಬುಲ್ಡೋಜರ್ ಹೇಳಿದ ದಿನವೇ ಬಂತು, ಹನ್ನೆರಡಕ್ಕೆ. ಮೇಲಿನಿಂದ ಶುರುಮಾಡಬೇಕಂತೆ, ಹಿಂಬದಿಯ ಕಾಡುದಾರಿಯಿಂದ ಹತ್ತಿಸಿದರು. ನಾನು ಬುತ್ತಿ ಕಟ್ಟಿಕೊಂಡು ಹೋಗಿ ತುದಿಹೊಲದ ಗೋಡೆಯ ಮೇಲೆ ಕೂತೆ. ಡ್ರೈವರ್ ಒಳ್ಳೆಯವನು, ಇಳಿದು ಬಂದು ನನ್ನ ಪಕ್ಕ ಕೂತ. "ಏಳಿ ಅಮ್ಮ, ನಂಗೆ ಬೇರೆ ಕೆಲ್ಸ ಗೊತ್ತಿಲ್ಲ" ಅಂದ. ನನ್ನ ರೊಟ್ಟಿಯಲ್ಲಿ ಅರ್ಧ ಅವನಿಗೆ ಕೊಟ್ಟೆ, ತಿಂದ. ಆಮೇಲೆ ನಿನ್ನ ಭಾವ ಬಂದು ನನ್ನ ತೋಳು ಹಿಡಿದು ಎಬ್ಬಿಸಿದರು. ಮೂರು ಗೋಡೆ ಕೆಡವಲು ಎಷ್ಟು ಹೊತ್ತು ಬೇಕಾಯಿತು ಗೊತ್ತಾ? ಬೆಳಗಿನಿಂದ ಮಧ್ಯಾಹ್ನದ ಊಟದವರೆಗೆ. ಕಲ್ಲುಗಳನ್ನು ಒಂದು ಮೂಲೆಗೆ ತಳ್ಳಿ ಗುಡ್ಡೆ ಹಾಕಿದರು. ಮೇಲಿನ ಮೂರು ಮೆಟ್ಟಿಲು ಸೇರಿ ಒಂದು ಅಗಲ ಹೊಲವಾಯಿತು. ಇಂಜಿನಿಯರ್ ಅದರ ಮೇಲೆ ಓಡಾಡಿ ಫೋಟೋ ತೆಗೆಸಿಕೊಂಡ.

ಏಪ್ರಿಲ್ ಹದಿನಾರರ ಮಧ್ಯಾಹ್ನ ಮಳೆ ಬಂತು. ದೊಡ್ಡ ಮಳೆಯೂ ಅಲ್ಲ, ನಲವತ್ತು ನಿಮಿಷ. ನಾನು ಬಾಗಿಲಲ್ಲಿ ನಿಂತು ನೋಡಿದೆ. ಮೊದಲು ನೀರು ಕೆಂಪಗೆ ಬಂತು, ಆಮೇಲೆ ಕಪ್ಪಗೆ ಬಂತು, ಆಮೇಲೆ ಅದು ನೀರೇ ಆಗಿರಲಿಲ್ಲ, ಗಂಜಿಯ ಹಾಗೆ ದಪ್ಪಗೆ ಇಳಿಯಿತು. ಕೆಳಗಿನ ಹನ್ನೊಂದು ಗೋಡೆಗಳು ತಡೆಯುವಷ್ಟು ತಡೆದವು. ಉಳಿದದ್ದು ಮೆಟ್ಟಿಲ ಪಕ್ಕದ ಕಾಲುವೆ ಹಿಡಿದು ರಸ್ತೆಗೆ ಬಂತು, ಶಾಲೆಯ ಅಂಗಳಕ್ಕೆ ನುಗ್ಗಿತು, ಗಡ್ಡದಜ್ಜನ ಕೋಳಿಗೂಡನ್ನು ಕೋಳಿಗಳ ಸಮೇತ ಎಳೆದುಕೊಂಡು ಹೋಯಿತು. ಒಂದು ಹುಂಜ ಮಾತ್ರ ಗೇಟಿನ ಮೇಲೆ ಕೂತು ಬೈಯುತ್ತಿತ್ತು.

ಮಾರನೆಯ ದಿನ ತುದಿಹೊಲಕ್ಕೆ ಹತ್ತಿದೆ. ಹೊಲ ಇಲ್ಲ. ಬಂಡೆ ಇದೆ, ನುಣ್ಣಗೆ, ಬಿಳುಚಿಕೊಂಡು. ಸಂದಿಗಳಲ್ಲಿ ನಾಲ್ಕು ಬೆರಳು ಮಣ್ಣು. ನಿನ್ನ ಗುಂಡಿ ಇದ್ದ ಜಾಗ ಗುರುತೇ ಸಿಗಲಿಲ್ಲ. ಕೂತು ಅತ್ತೆ. ಅತ್ತದ್ದನ್ನು ನಿನಗೆ ಹೇಳಬಾರದು ಎಂದುಕೊಂಡಿದ್ದೆ, ಹೇಳಿದ್ದೇನೆ. ನಿನ್ನನ್ನು ಬಾಯಿಗೆ ಬಂದ ಹಾಗೆ ಬೈದೆ, ಅಲ್ಲಿ ಕೇಳಲು ಯಾರೂ ಇರಲಿಲ್ಲ.

ಇಂಜಿನಿಯರ್ ಛತ್ರಿ ಹಿಡಿದುಕೊಂಡು ಬಂದ, ಬಿಸಿಲಿನಲ್ಲಿ. "ವರದಿಯಲ್ಲಿ ಹೀಗಿರ್ಲಿಲ್ವಲ್ಲ ಅಮ್ಮ" ಅಂದ. ಆದರೂ ಕೆಲಸ ನಿಲ್ಲಿಸುವುದಿಲ್ಲವಂತೆ. ಅಕಾಲದ ಮಳೆ, ಒಂದೇ ಸಲ ಆದದ್ದು ಎಂದು ಮೇಲಿನವರಿಗೆ ಬರೆದಿದ್ದಾನಂತೆ. ಮೇ ಐದಕ್ಕೆ ಉಳಿದ ಹನ್ನೊಂದಕ್ಕೆ ಕೈ ಹಾಕುತ್ತಾರೆ. ಅವು ಹೋದರೆ ಈ ಇಳಿಜಾರಿನಲ್ಲಿ ಮನುಷ್ಯರು ಇದ್ದರು ಎನ್ನುವ ಗುರುತೂ ಇರುವುದಿಲ್ಲ, ಶಾಲೆಯ ಗೋಡೆ ಒಂದು ಮಳೆಗೂ ನಿಲ್ಲುವುದಿಲ್ಲ.

ನಿನ್ನೆ ನಿನ್ನ ಕನ್ನಡಕದ ಹುಡುಗಿ ಬಂದಿದ್ದಳು. ನೀನು ಕಳಿಸಿದ್ದಲ್ಲವಂತೆ, ತಾನಾಗಿ ಬಂದಳಂತೆ, ಸ್ವಂತ ರಜೆಯಲ್ಲಿ. ಶಾಲೆಯ ಅಂಗಳದ ಕೆಸರನ್ನು ಜರಡಿ ಹಿಡಿದು ತೊಳೆಯುತ್ತ ಇಡೀ ದಿನ ಕೂತಿದ್ದಳು. ಸಂಜೆ ಬಂದು ನನ್ನ ಅಡುಗೆಮನೆಯ ಮೇಜಿನ ಮೇಲೆ ಹನ್ನೊಂದು ಚೂರು ಹರಡಿದಳು. ಒಂದೊಂದಾಗಿ ಜೋಡಿಸಿದಳು. "ಅಮ್ಮ, ಆವತ್ತು ಇಲಿ ಎಳ್ಕೊಂಡು ಹೋಗಿರುತ್ತೆ ಅಂದ್ರಿ. ಇಷ್ಟನ್ನೂ ಇಲೀನೇ ಎಳ್ಕೊಂಡು ಹೋಯ್ತಾ?" ಎಂದು ಕೇಳಿದಳು. "ಊಟ ಮಾಡು, ತಣ್ಣಗಾಗುತ್ತೆ" ಅಂದೆ. ಊಟ ಮಾಡಿ, ತಟ್ಟೆ ತೊಳೆದಿಟ್ಟು, ಚೂರುಗಳನ್ನು ಮೇಜಿನ ಮೇಲೇ ಬಿಟ್ಟು ಹೋದಳು. ಜಾಣೆ.

ನಿನ್ನ ಹೆಂಡತಿಗೆ, ಮಗಳಿಗೆ ಒಳ್ಳೆಯದಾಗಲಿ. ನಿನಗೂ ಆಗಲಿ, ನನ್ನ ಸಿಟ್ಟು ಇಳಿದಿಲ್ಲ, ಆದರೂ ಆಗಲಿ.

ಅಕ್ಕ

ತಾ. ಕ. ಈ ಲಕೋಟೆಯಲ್ಲಿ ಒಂದು ಚೂರು ಇಟ್ಟಿದ್ದೇನೆ. ಎಸೆಯುವ ಮುಂಚೆ ಈ ಸಲವಾದರೂ ತಿರುಗಿಸಿ ನೋಡು. ಅರ್ಧ ನೀಲಿ ಹೂವು ಕಾಣಿಸುತ್ತದೆ. ನೀನು ಒಡೆದ ತಟ್ಟೆ. ತಳದ ಹೊಲದಲ್ಲಿ ನೀನೇ ಹೂತದ್ದು. ಸಾವಿರಾರು ವರ್ಷದಿಂದ ಯಾರೂ ಮುಟ್ಟದ ಮಣ್ಣಿನಲ್ಲಿ, ಹದಿಮೂರು ಮೆಟ್ಟಿಲು ಮೇಲೆ, ಮೂರಡಿ ಆಳದಲ್ಲಿ ಅದು ಏನು ಮಾಡುತ್ತಿತ್ತು? ಆಧಾರ ಕೇಳಿದ್ದೆಯಲ್ಲ, ಇದೇ.

ತುದಿಹೊಲದಲ್ಲಿ ಮಣ್ಣೇ ಇರಲಿಲ್ಲ. ಹಳೆಯ ಗೋಡೆ ಇತ್ತು, ಅದರ ಹಿಂದೆ ಬಂಡೆ, ಬಂಡೆಯ ಮೇಲೆ ಮುಳ್ಳುಪೊದೆ. ಹನ್ನೆರಡನೆಯ ವಯಸ್ಸಿನಲ್ಲಿ ನಿನ್ನನ್ನು ಪಟ್ಟಣದ ಶಾಲೆಗೆ ಕಳಿಸಿದ ಮೇಲೆ ಅಮ್ಮ ಆ ಹೊಲ ಎಬ್ಬಿಸಿದಳು. ನಿನ್ನ ಹಾಸ್ಟೆಲಿಗೆ ಕೊಡುವಷ್ಟು ಆಲೂಗಡ್ಡೆ ಬೆಳೆಯಲು. ಐದು ವರ್ಷ, ಪ್ರತಿ ಮಾರ್ಚಿನಲ್ಲಿ, ನೀನು ರಜೆಗೆ ಬರುವ ಮುಂಚೆ, ತಳದ ಹೊಲದ ಮಣ್ಣನ್ನು ಬೆನ್ನಬುಟ್ಟಿಯಲ್ಲಿ ಹೊತ್ತು ಹಾಕಿದೆವು. ಪದರ ಇಲ್ಲ, ಜಲ್ಲಿ ಇಲ್ಲ ಅಂದೆಯಲ್ಲ, ಹೇಗಿರುತ್ತದೆ? ಅವಳು ಪ್ರತಿ ಬುಟ್ಟಿಯನ್ನೂ ಕೈಯಲ್ಲಿ ಆರಿಸಿ, ಕಲ್ಲು ತೆಗೆದು ಸುರಿಯುತ್ತಿದ್ದಳು, ಉಗುರಿನಷ್ಟರ ಈ ಚೂರುಗಳು ಮಾತ್ರ ಅವಳ ಕೈ ತಪ್ಪಿಸಿಕೊಂಡವು. ನೀನು ರಜೆಗೆ ಬಂದು ಕೇಳಿದರೆ, "ಪೊದೆ ಕಡಿದ್ವಿ, ಕೆಳಗೆ ಒಳ್ಳೇ ಮಣ್ಣಿತ್ತು ಕಣೋ" ಅನ್ನುತ್ತಿದ್ದಳು. ಹೊತ್ತದ್ದು ಗೊತ್ತಾದರೆ ನೀನು ಓದು ಬಿಟ್ಟು ಬಂದುಬಿಡುತ್ತೀಯ ಎಂದು ಅವಳಿಗೆ ಹೆದರಿಕೆ. ಅಮ್ಮನ ಸುಳ್ಳನ್ನೇ ನಾನು ನಿನ್ನ ಗುಂಡಿಯ ಪಕ್ಕ ನಿಂತು ಹೇಳಿದೆ. ನೀನು ಅದನ್ನು ಅಚ್ಚು ಹಾಕಿಸಿದೆ.

ಯಾಕೆ ಹೇಳಿದೆ ಎಂದು ಕೇಳುತ್ತೀಯ. ಮಣ್ಣು ಹೊರುವಾಗ ಊರಿನ ರೂಢಿಯಂತೆ ಮನೆಯಲ್ಲಿ ತಲೆಗೆ ಇನ್ನೂರು ಬುಟ್ಟಿ. ಅಪ್ಪ ಇರಲಿಲ್ಲ, ಮೂರು ತಲೆ. ಊರಿನಲ್ಲಿ ಇಲ್ಲದವನ ಪಾಲನ್ನು ಮನೆಯವರು ಹೊರಬೇಕು. ನಾಲ್ಕು ವರ್ಷ ನಿನ್ನ ಪಾಲನ್ನು ಅಮ್ಮನೂ ನಾನೂ ಹಂಚಿಕೊಂಡು ಹೊತ್ತೆವು. ಐದನೆಯ ವರ್ಷ ನೀನು ಸಂಸ್ಥೆಯ ಪ್ರವೇಶ ಪರೀಕ್ಷೆಗೆ ಓದುತ್ತಿದ್ದೆ. ನನಗೆ ಇಪ್ಪತ್ತಾರು ವರ್ಷ, ನನ್ನ ಪಾಲು ಮುಗಿದಿತ್ತು, ಬೆನ್ನಿನ ಚರ್ಮ ಸುಲಿದಿತ್ತು. "ಅವನ ಪಾಲು ನಾನ್ಯಾಕೆ ಹೊರ್ಲಿ? ಅವನಿಗೆ ಪುಸ್ತಕ, ನಂಗೆ ಬುಟ್ಟಿನಾ? ಬೇಕಿದ್ರೆ ನೀನೇ ಹೊರು" ಎಂದು ಹೇಳಿ ಬುಟ್ಟಿಯನ್ನು ಅಮ್ಮನ ಕಾಲ ಹತ್ತಿರ ಎಸೆದೆ. ಅಮ್ಮ ಬೈಯಲಿಲ್ಲ. ಬುಟ್ಟಿ ಎತ್ತಿಕೊಂಡು ಹೋದಳು.

ಎಂಟು ದಿನ ಒಬ್ಬಳೇ ಹೊತ್ತಳು. ನಾನು ನೋಡುತ್ತ ಕೂತಿದ್ದೆ. ಒಂಬತ್ತನೆಯ ದಿನ ಎಂಟನೆಯ ಗೋಡೆಯ ಮೆಟ್ಟಿಲಲ್ಲಿ ಬುಟ್ಟಿಯ ಸಮೇತ ಬಿದ್ದಳು. ಗಡ್ಡದಜ್ಜ ಹೊತ್ತು ತಂದು ಮಲಗಿಸಿದರು. ಅಡುಗೆಮನೆಯಲ್ಲಿ ಎದೆ ಹಿಡಿದುಕೊಂಡು ಹೋದಳು ಎಂದು ನಿನಗೆ ನಾನು ಬರೆದದ್ದು ಸುಳ್ಳು. ಒಂದು ದಿನ ಪೂರ್ತಿ ಇದ್ದಳು, ಮಾತಾಡಿದಳು. "ಅವನಿಗೆ ಹೇಳ್ಬೇಡ ಕಣೇ, ಪರೀಕ್ಷೆ ಮುಗೀಲಿ" ಅಂದಳು. ನನ್ನ ಬಗ್ಗೆ ಏನೂ ಅನ್ನಲಿಲ್ಲ. ಚೆಲ್ಲಿದ ಆ ಬುಟ್ಟಿಯ ಮಣ್ಣನ್ನು ನಾನು ಬಾಚಿ ಒಯ್ದು ಮೇಲೆ ಸುರಿದೆ. ಅದೇ ಕೊನೆಯದು.

ನಿನ್ನ ಪರೀಕ್ಷೆ ಮುಗಿದು ಮೂವತ್ತೊಂದು ವರ್ಷವಾಯಿತು. ಹೇಳಿದರೆ, "ನೀನೆಲ್ಲಿದ್ದೆ ಅಕ್ಕ ಆವತ್ತು?" ಎಂದು ನೀನು ಕೇಳುತ್ತೀಯಲ್ಲ, ಅದಕ್ಕೆ ಹೇಳಲಿಲ್ಲ. ಅಜ್ಜನ ಬಾಯಿ ಮುಚ್ಚಿಸಿದೆ, ಮೂರು ಗೋಡೆ ಹೋಗಲು ಬಿಟ್ಟೆ. ನಿನ್ನ ಮೇಲಿನ ಸಿಟ್ಟು ಎಷ್ಟು, ನನ್ನ ಮೇಲಿನದು ಎಷ್ಟು ಎಂದು ನನಗೇ ಗೊತ್ತಾಗುವುದಿಲ್ಲ.

ಮೇ ಐದರೊಳಗೆ ವರದಿ ತಿದ್ದಿ ಕಳಿಸು. ನಲವತ್ತೊಂದನೆಯ ಪುಟದಲ್ಲಿ ಸುಳ್ಳು ಹೇಳಿದವಳನ್ನು ಅಕ್ಕ ಎಂದು ಬರೆಯಬೇಡ, ಸ್ಥಳೀಯರೊಬ್ಬರು ಅಂತಲೇ ಇರಲಿ. ಆ ಮಣ್ಣು ಹೊತ್ತವಳ ಹೆಸರನ್ನು ಮಾತ್ರ ಪೂರ್ತಿಯಾಗಿ ಬರಿ.